ಔಷಧದಾನ ಮತ್ತು ದಾರಿಯ ದೂರ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಶ್ರಾವಕಧರ್ಮವು ಗೃಹಸ್ಥನಿಗೆ ವಿಧಿಸಿದೆ. ಕನ್ನಡ ನಾಡಿನ ಜೈನ ಶಾಸನಗಳು ದಾನಶೀಲರನ್ನು ಹೊಗಳುವಾಗ ಈ ನಾಲ್ಕನ್ನೂ ಒಟ್ಟಾಗಿ ಹೇಳುವುದು ವಾಡಿಕೆ. ಇವುಗಳಲ್ಲಿ ಔಷಧದಾನವು ಮದ್ದನ್ನು ಸಿದ್ಧಪಡಿಸಿದ ಮಾತ್ರಕ್ಕೆ ಪೂರ್ಣವಾಗದು. ಅದು ರೋಗಿಯನ್ನು ಸಕಾಲದಲ್ಲಿ ತಲುಪಬೇಕು. ಆದುದರಿಂದ ರೋಗಿಗೂ ಮದ್ದಿಗೂ ನಡುವಿನ ದೂರವನ್ನು ಕಡಿಮೆ ಮಾಡುವುದೂ ಔಷಧದಾನವೇ ಆಗಿದೆ.

ಪೂರ್ವದ ಜೈನ ವಿದ್ವಾಂಸರು ಮೊದಲು ಭಾಷೆಯ ದೂರವನ್ನು ಕಡಿಮೆ ಮಾಡಿದರು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು 'ಕಲ್ಯಾಣಕಾರಕ'ದಲ್ಲಿ ನಿರೂಪಿಸಿದರು. ಆ ಗ್ರಂಥ ಸಂಸ್ಕೃತದಲ್ಲಿತ್ತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು 'ಖಗೇಂದ್ರಮಣಿದರ್ಪಣ'ದಲ್ಲಿ ಕನ್ನಡದಲ್ಲಿಯೇ ಹೇಳಿದನು. ಸಂಸ್ಕೃತ ಬಲ್ಲವರಿಗಷ್ಟೇ ಸೀಮಿತವಾಗಿದ್ದ ವಿದ್ಯೆ ಇದರಿಂದ ನಾಡಿನ ವೈದ್ಯರ ಕೈಗೆ ಬಂದಿತು.

ನೆಲದ ದೂರ ಮಾತ್ರ ಉಳಿಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನ. 1881-82ರಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗವು ಬಿಡದಿ, ರಾಮನಗರ, ಚನ್ನಪಟ್ಟಣಗಳ ಮೂಲಕ ಹಾದುಹೋಯಿತು. ಮಾಗಡಿ, ಕನಕಪುರಗಳನ್ನು ಅದು ಮುಟ್ಟಲಿಲ್ಲ. 1900ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಪ್ರಾರಂಭವಾದಾಗ ಹಳಿಯ ಪಕ್ಕದ ಊರಿನ ರೋಗಿಗೆ ರೈಲು ಇತ್ತು. ಕಾವೇರಿ ಕಡೆಯ ಕಾಡಂಚಿನ ರೋಗಿಗೆ ಎತ್ತಿನ ಗಾಡಿಯೇ ಗತಿಯಾಗಿತ್ತು. ಇಬ್ಬರೂ ಒಂದೇ ಸಂಸ್ಥಾನದ ಪ್ರಜೆಗಳು, ಇಬ್ಬರ ಕಾಯಿಲೆಯೂ ಒಂದೇ ಆಗಿರಬಹುದು. ಆದರೆ ಬದುಕುಳಿಯುವ ಅವಕಾಶ ಒಂದೇ ಆಗಿರಲಿಲ್ಲ.

ಈ ವಿಷಮತೆಯನ್ನು ತಗ್ಗಿಸುವ ಒಂದು ಮಹತ್ತ್ವದ ಪ್ರಯೋಗವು ಇದೇ ಸೀಮೆಯಲ್ಲಿ ನಡೆದುದು ಸ್ಮರಣೀಯ. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. 1930ರ ದಶಕದಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಡನೆ ಇಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ನಡೆಸಿತು. ಅದಕ್ಕೂ ಮೊದಲು ಮಂಡ್ಯದಲ್ಲಿ ಅಂತಹ ಘಟಕ ಆರಂಭವಾಗಿತ್ತು. ರೋಗಿ ಬರುವವರೆಗೆ ಕಾಯುವುದಕ್ಕಿಂತ ಸಿಬ್ಬಂದಿಯೇ ಹಳ್ಳಿಗೆ ಹೋಗಿ ನೈರ್ಮಲ್ಯ, ಹೆರಿಗೆ, ಸಾಂಕ್ರಾಮಿಕ ತಡೆಗಳನ್ನು ನೋಡಿಕೊಳ್ಳಬೇಕೆಂಬುದು ಇಂತಹ ಘಟಕಗಳ ತತ್ತ್ವ. 1946ರಲ್ಲಿ ಭೋರ್ ಸಮಿತಿಯು ದೇಶಕ್ಕೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸಿತು. ಹಣವಿಲ್ಲದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬುದು ಅದರ ಮೂಲ ಆಶಯವಾಗಿತ್ತು.

ಆದರೆ ಕಟ್ಟಡ ಹತ್ತಿರವಿದ್ದರೂ ಚಿಕಿತ್ಸೆ ದೂರವಿರಬಹುದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಮಾಗಡಿಗೆ ನೆರೆಯ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ಮಾಡಿ 1963ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬುದು ಅಂದಿನ ನಂಬಿಕೆ. ವಾಸ್ತವವಾಗಿ ಕ್ಷಯರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಚಿಕಿತ್ಸಾಲಯಕ್ಕೂ ಹೋಗಿದ್ದರು. ಅವರಿಗೆ ಅಲ್ಲಿ ದೊರೆತುದು ಕೆಮ್ಮಿನ ಔಷಧಿ ಮಾತ್ರ. ದೋಷ ಜನರದಾಗಿರಲಿಲ್ಲ, ವ್ಯವಸ್ಥೆಯದಾಗಿತ್ತು. ಕ್ಷಯಚಿಕಿತ್ಸೆಯು ಸಮೀಪದ ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿಯೇ ದೊರೆಯಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಇಂತಹ ಅರಿವೇ ಆಧಾರವಾಯಿತು.

1971ರಲ್ಲಿ ವೇಲ್ಸ್ ದೇಶದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ ಅವರು ಒಂದು ವಿಪರ್ಯಾಸವನ್ನು ತೋರಿಸಿಕೊಟ್ಟರು. ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿ ಒಳ್ಳೆಯ ವೈದ್ಯಸೇವೆ ಕಡಿಮೆ. ಮಾರುಕಟ್ಟೆಯ ಹಿಡಿತ ಬಲವಾದಷ್ಟೂ ಈ ಅಂತರ ಹಿಗ್ಗುತ್ತದೆ. ಬಿಡದಿಯ ಸುತ್ತ ಕೈಗಾರಿಕೆಗಳು ಬೆಳೆದಿವೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಸುರಕ್ಷತೆಯ ಕಾರಣದಿಂದ ಪ್ರವೇಶ ನಿಂತಿತು. ಕಾರಣ ಯುಕ್ತವೇ ಇರಬಹುದು. ಆದರೂ ಕಾರುಳ್ಳವನಿಗೆ ನಗರದ ಆಸ್ಪತ್ರೆ ಹತ್ತಿರವಾದಷ್ಟು ಬೈಕಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಹೊರಟವನಿಗೆ ಆಗಲಿಲ್ಲ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರು ಪಡೆದ ಈ ಸೀಮೆಗೆ ಹೆಸರಿನಲ್ಲಿ ಬೆಂಗಳೂರು ಬಂದಿದೆ. ಕಾಡಂಚಿನ ಹಳ್ಳಿಯಿಂದ ಬೆಂಗಳೂರಿನ ದೂರ ಇದ್ದಷ್ಟೇ ಇದೆ.

ಹಾವು ಕಚ್ಚಿದವನ ವಿಷಯದಲ್ಲಿ ಈ ದೂರವೇ ಜೀವನ್ಮರಣದ ಪ್ರಶ್ನೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಲ್ಲಿ ಎಷ್ಟು ಜನ ಕಡಿತಕ್ಕೊಳಗಾಗುತ್ತಾರೆಂಬುದು ತಿಳಿದರೆ ಮಾತ್ರ ವಿಷಹಾರಿ ಚುಚ್ಚುಮದ್ದು ಎಲ್ಲಿರಬೇಕೆಂಬುದು ತಿಳಿಯುತ್ತದೆ. ಮಂಗರಾಜನ ಕಾಲದ ಮದ್ದುಗಳು ಇಂದು ಈ ಚುಚ್ಚುಮದ್ದಿನ ಸ್ಥಾನವನ್ನು ತುಂಬಲಾರವು. ಆದರೆ ಬಲ್ಲುದನ್ನು ಜನರ ಬಳಿಗೆ ಒಯ್ಯಬೇಕೆಂಬ ಅವನ ಉದ್ದೇಶ ಹಳತಾಗಿಲ್ಲ.

ಬಸದಿಗಳ ಟ್ರಸ್ಟುಗಳು ಔಷಧದಾನಕ್ಕೆ ಹಣ ತೆಗೆದಿರಿಸುವಾಗ ಪೇಟೆಯಲ್ಲಿ ಮತ್ತೊಂದು ಚಿಕಿತ್ಸಾಲಯ ಕಟ್ಟುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಉಚಿತ. ಸುತ್ತಲಿನ ಯಾವ ಹಳ್ಳಿಯಿಂದ ವೈದ್ಯರ ಬಳಿಗೆ ಬರುವುದು ಅತ್ಯಂತ ಕಷ್ಟ? ಆ ಹಳ್ಳಿಗೆ ಬೇಕಾದುದು ಕಟ್ಟಡವಾಗಿರದೆ ರಾತ್ರಿ ಹೊರಡುವ ಒಂದು ವಾಹನವಾಗಿರಬಹುದು, ದಿನದ ಕೂಲಿ ಕಳೆದುಕೊಳ್ಳುವ ರೋಗಿಗೆ ಸಂಜೆಯ ವೇಳೆಯ ಚಿಕಿತ್ಸೆಯಾಗಿರಬಹುದು, ನಗರದ ಆಸ್ಪತ್ರೆಯ ಬಳಿ ರೋಗಿಯ ಮನೆಯವರಿಗೆ ತಂಗಲು ಒಂದು ಕೋಣೆಯಾಗಿರಬಹುದು. ದಾನಿಯ ಹೆಸರು ಕೆತ್ತಲು ಇವುಗಳಲ್ಲಿ ಸ್ಥಳ ಕಡಿಮೆ. ಆದರೆ ಭೈಷಜ್ಯದಾನವು ಅಭಯದಾನವೂ ಆಗುವುದು ಇಂತಹ ಕಡೆಯಲ್ಲಿಯೇ.