ಚಂದ್ರಯಾತ್ರಿಯ ಉಡುಪು

ಪುಣೆಯ ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕಲಿತ ರಾಕೇಶ್ ಶರ್ಮಾ 1984ರಲ್ಲಿ ಅಂತರಿಕ್ಷಕ್ಕೆ ತೆರಳಿದಾಗ ಧರಿಸಿದ್ದು ಸೋವಿಯತ್ ‘ಸೋಕೋಲ್’ ಉಡುಪನ್ನು. ನೌಕೆಯೊಳಗಿನ ಗಾಳಿ ಸೋರಿದರೆ ಪ್ರಾಣ ಉಳಿಸುವುದಷ್ಟೇ ಅದರ ಕೆಲಸ. 2018ರಲ್ಲಿ ಬೆಂಗಳೂರಿನ ಬಾಹ್ಯಾಕಾಶ ಪ್ರದರ್ಶನದಲ್ಲಿ ಇಸ್ರೋ ಜನತೆಗೆ ತೋರಿಸಿದ ಕಿತ್ತಳೆ ಬಣ್ಣದ ಉಡುಪೂ ಇದೇ ಬಗೆಯದು. ಚಂದ್ರನ ನೆಲದಲ್ಲಿ ನಡೆಯಲು ಇವು ಸಾಲವು.

ಅಲ್ಲಿ ಗಾಳಿಯಿಲ್ಲ, ನಡುಹಗಲಿನ ನೆಲದ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್. ದೇಹ ಬದುಕಲು ಉಡುಪಿನೊಳಗೆ ಒತ್ತಡದಲ್ಲಿ ಆಮ್ಲಜನಕವನ್ನು ತುಂಬಬೇಕು. ತುಂಬಿದೊಡನೆ ಅದು ಸೈಕಲ್ ಟ್ಯೂಬಿನಂತೆ ಬಿಗಿದು, ಮೊಣಕೈ ಮಡಿಸುವುದೂ ದುಸ್ತರವಾಗುತ್ತದೆ. ನಿಜವಾದ ತೊಡಕು ಇದೇ.

ಇದಕ್ಕೆ ಪರಿಹಾರ ಕಂಡದ್ದು ಅಮೆರಿಕದ ಡೋವರ್ ಪಟ್ಟಣದ ಇಂಟರ್‌ನ್ಯಾಷನಲ್ ಲೇಟೆಕ್ಸ್ ಕಾರ್ಪೊರೇಷನ್. ‘ಪ್ಲೇಟೆಕ್ಸ್’ ಹೆಸರಿನ ಸ್ತ್ರೀಯರ ಒಳಉಡುಪುಗಳಿಗೆ ಪ್ರಸಿದ್ಧವಾಗಿದ್ದ ಸಂಸ್ಥೆಯದು! 1965ರ ಸ್ಪರ್ಧೆಯಲ್ಲಿ ಅದು ಅನುಭವಿ ಕಂಪನಿಗಳನ್ನು ಹಿಂದಿಕ್ಕಿತು. ಕೀಲುಗಳಿರುವಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳುಳ್ಳ ರಬ್ಬರ್. ಅದು ಉದ್ದಕ್ಕೆ ಹಿಗ್ಗದಂತೆ ಲೋಹದ ಎಳೆಗಳ ಬಿಗಿತ. ಒಳಅಂಗಿಯ ಸಣ್ಣ ಕೊಳವೆಗಳಲ್ಲಿ ಹರಿಯುವ ನೀರು ಮೈಯ ಶಾಖವನ್ನು ಸೆಳೆದುಕೊಳ್ಳುತ್ತಿತ್ತು. ಬೆನ್ನಿನ ಪೆಟ್ಟಿಗೆಯನ್ನು ತಯಾರಿಸಿದ್ದು ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್. 1967ರ ಜನವರಿಯಲ್ಲಿ ಅಪೋಲೊ-1ರ ಬೆಂಕಿಗೆ ಮೂವರು ಬಲಿಯಾದ ಬಳಿಕ, ಸುಡದ ಗಾಜಿನ ನೂಲಿನ ‘ಬೀಟಾ’ ಬಟ್ಟೆ ಹೊರಪದರವಾಯಿತು.

ಇಷ್ಟೆಲ್ಲ ಪದರಗಳನ್ನು ಹೊಲಿದವರು ಕಾರ್ಖಾನೆಯ ಮಹಿಳೆಯರು, ಹೊಲಿಗೆ ಯಂತ್ರಗಳ ಮುಂದೆ ಕುಳಿತು. ರವಿಕೆ ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು. ಇಲ್ಲಿ ಒಮ್ಮೆ ಸೂಜಿ ಚುಚ್ಚಿದ ತೂತು ತೂತೇ. ಆದುದರಿಂದ ಗುಂಡುಸೂಜಿಗಳ ಬಳಕೆಯ ಮೇಲೂ ಕಟ್ಟುನಿಟ್ಟಿನ ನಿಗಾ ಇತ್ತು. ಎಂಜಿನಿಯರರ ಹೆಸರುಗಳ ನಡುವೆ ಈ ಕೈಗಳ ನೆನಪು ಬಹುಕಾಲ ಮರೆಯಾಗಿಯೇ ಉಳಿದದ್ದು ನ್ಯಾಯವಲ್ಲ. 1969ರಿಂದ 1972ರವರೆಗೆ ಚಂದ್ರನ ಮೇಲೆ ನಡೆದ 12 ಮಂದಿಯಲ್ಲಿ ಯಾರಿಗೂ ಉಡುಪು ಕೈಕೊಡಲಿಲ್ಲ. 1971ರ ಅಪೋಲೊ-15ರಿಂದ ಸೊಂಟದಲ್ಲೂ ಬಾಗುವ ಕೀಲು ಬಂದಿತು, ವಾಹನದಲ್ಲಿ ಕೂರಬೇಕಲ್ಲ!

ಸೋವಿಯತ್ ಒಕ್ಕೂಟದ ‘ಜ್ವೆಜ್ದಾ’ ಸಂಸ್ಥೆಯ ‘ಕ್ರೆಚೆತ್’ ಉಡುಪಿಗೆ ಬೆನ್ನಲ್ಲೇ ಬಾಗಿಲು. ಅದು ಚಂದ್ರನನ್ನು ಮುಟ್ಟಲೇ ಇಲ್ಲ. ಆದರೆ ಆ ವಿನ್ಯಾಸ ‘ಓರ್ಲಾನ್’ ಉಡುಪಿನಲ್ಲಿ ಮುಂದುವರಿಯಿತು. ಗಗನಯಾನಕ್ಕೆ ಆಯ್ಕೆಯಾದ ಭಾರತೀಯರ ಉಡುಪುಗಳ ತಯಾರಿಕೆಯನ್ನು 2020ರಲ್ಲಿ ಕೈಗೆತ್ತಿಕೊಂಡದ್ದೂ ಇದೇ ಜ್ವೆಜ್ದಾ.

ಆರ್ಮ್‌ಸ್ಟ್ರಾಂಗರ ಉಡುಪು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಒಳಗಿನ ರಬ್ಬರ್ ವಯಸ್ಸಾಗಿ ಪೆಡಸಾಗಿದ್ದುದರಿಂದ ಅದನ್ನು ಹಲವು ವರ್ಷ ಪ್ರದರ್ಶನದಿಂದ ತೆಗೆದಿರಿಸಿ, ಸಂರಕ್ಷಣಾ ಕಾರ್ಯದ ಬಳಿಕ 2019ರಲ್ಲಿ ಮತ್ತೆ ಇರಿಸಲಾಯಿತು.