ತಿರುಗುವ ಚಕ್ರ, ತಿರುಗುವ ನಾದ

ಯಂತ್ರಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅವುಗಳನ್ನು ಕಂಡುಹಿಡಿದವರ ಚರಿತ್ರೆಯಾಗಿ ಓದುತ್ತೇವೆ. ಬಳಸಿದವರ ಹೆಸರು ಅಲ್ಲಿ ಕಾಣುವುದು ಅಪರೂಪ. ಸಂಗೀತವಾದ್ಯಗಳ ಮಟ್ಟಿಗೆ ಈ ಓದು ಅರ್ಧ ಸತ್ಯ. ವಾದ್ಯವನ್ನು ಮಾಡುವವರು ಒಬ್ಬರಾದರೆ, ಅದರ ನಾದವನ್ನು ಕಂಡುಕೊಳ್ಳುವವರು ಬಹುಸಲ ಬೇರೆಯವರೇ ಆಗಿರುತ್ತಾರೆ. ಅಮೆರಿಕದ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನಿನ ಕತೆ ಇದಕ್ಕೆ ಒಳ್ಳೆಯ ನಿದರ್ಶನ.

ಆರ್ಗನ್ ಮೂಲತಃ ಗಾಳಿಯ ವಾದ್ಯ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ನೀರಿನ ಒತ್ತಡದಿಂದ ಕೊಳವೆಗಳಿಗೆ ಗಾಳಿಯೂಡುವ ವಾದ್ಯವನ್ನು ರೂಪಿಸಿದ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಸಹೋದರರು ತಾನಾಗಿ ನುಡಿಯುವ ಕೊಳಲಿನ ಯಂತ್ರವೊಂದನ್ನು ಕುರಿತು ಬರೆದರು. ತಿರುಗುವ ಉರುಳೆಯ ಮೇಲಿನ ಮೊಳೆಗಳು ಅದರ ಸ್ವರಗಳನ್ನು ನಿರ್ಧರಿಸುತ್ತಿದ್ದವು. ಮುಂದೆ ಯುರೋಪಿನಲ್ಲಿ ಆರ್ಗನ್ ಚರ್ಚಿನ ಪ್ರತಿಷ್ಠೆಯ ವಾದ್ಯವಾಯಿತು. ಸಾವಿರಾರು ಕೊಳವೆಗಳುಳ್ಳ ದೊಡ್ಡ ಆರ್ಗನ್ನುಗಳು ಕಟ್ಟಡದ ಒಂದು ಭಾಗವೇ ಆಗಿಹೋದವು. ಬಡ ಸಭೆಗಳಿಗೆ ಅವು ಎಟುಕುವಂತಿರಲಿಲ್ಲ.

ಈ ಕೊರತೆಯಿಂದ ಲಾಭ ಪಡೆದವನು ಸಂಗೀತಗಾರನಲ್ಲದ ಒಬ್ಬ ಎಂಜಿನಿಯರ್. ಲಾರೆನ್ಸ್ ಹ್ಯಾಮಂಡ್ (1895–1973) ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದ. ಗಡಿಯಾರದ ಮೋಟಾರಿನ ಸಮಗತಿಯೇ ಅವನ ಆರ್ಗನ್ನಿಗೂ ಆಧಾರವಾಯಿತು. 1934ರಲ್ಲಿ ಪೇಟೆಂಟ್ ದೊರೆತು, 1935ರಲ್ಲಿ ವಾದ್ಯ ಮಾರುಕಟ್ಟೆಗೆ ಬಂತು. ಅದರಲ್ಲಿ ಕೊಳವೆಯಿಲ್ಲ, ತಿದಿಯಿಲ್ಲ. ಅಂಚಿನಲ್ಲಿ ಉಬ್ಬುತಗ್ಗುಗಳಿರುವ ಚಿಕ್ಕ ಉಕ್ಕಿನ ಚಕ್ರಗಳು ಒಂದೇ ಮೋಟಾರಿನಿಂದ ಸುತ್ತುತ್ತವೆ. ಪ್ರತಿ ಚಕ್ರದ ಬಳಿ ಒಂದು ಅಯಸ್ಕಾಂತ ಮತ್ತು ತಂತಿಯ ಸುರುಳಿ. ಸೈಕಲ್ ಡೈನಮೋದಲ್ಲಿ ವಿದ್ಯುತ್ ಹುಟ್ಟುವ ಹಾಗೆ ಇಲ್ಲಿ ಒಂದೊಂದು ಚಕ್ರದಿಂದ ಒಂದೊಂದು ಸ್ವರದ ವಿದ್ಯುತ್ ಅಲೆ ಹುಟ್ಟುತ್ತದೆ. ಹೆಸರಾಂತ ಬಿ-3 ಮಾದರಿಯಲ್ಲಿ ಸ್ವರ ಹುಟ್ಟಿಸುವ ಇಂಥ ಚಕ್ರಗಳು 91. ಮೋಟಾರಿನ ವೇಗ ವಿದ್ಯುತ್ ಜಾಲವನ್ನೇ ಅವಲಂಬಿಸಿರುವುದರಿಂದ, ಅಮೆರಿಕದ 60 ಆವರ್ತದ ಯಂತ್ರವನ್ನು ನಮ್ಮ 50 ಆವರ್ತದ ಕರೆಂಟಿಗೆ ಹಾಗೆಯೇ ಜೋಡಿಸಿದರೆ ಶ್ರುತಿ ಸುಮಾರು ಮೂರು ಅರ್ಧಸ್ವರ ಕೆಳಗಿಳಿಯುತ್ತದೆ.

ಹ್ಯಾಮಂಡ್‌ನ ನಿಜವಾದ ಜಾಣ್ಮೆ ಇರುವುದು ನಾದವನ್ನು ಹೊಂದಿಸುವ ವಿಧಾನದಲ್ಲಿ. ತಂಬೂರಿಯ ಖರಜದ ತಂತಿಯನ್ನು ಮೀಟಿದಾಗ ಷಡ್ಜದೊಳಗೇ ಗಾಂಧಾರ ಕೇಳಿಸುವುದನ್ನು ನಾವು ಬಲ್ಲೆವು. ಯಾವ ದನಿಯೂ ಒಂಟಿಯಲ್ಲ. ಅದರೊಳಗೆ ಹಲವು ಉಪಸ್ವರಗಳಿರುತ್ತವೆ. ಅವು ಬೆರೆತ ಪ್ರಮಾಣದಿಂದಲೇ ಕೊಳಲು ಕೊಳಲಾಗಿಯೂ ಶಹನಾಯಿ ಶಹನಾಯಿಯಾಗಿಯೂ ಕೇಳುತ್ತದೆ. ಈ ಬೆರಕೆಯನ್ನು ಹ್ಯಾಮಂಡ್ ವಾದಕನ ಬೆರಳಿಗೇ ಬಿಟ್ಟುಕೊಟ್ಟ. ಕೀಲಿಮಣೆಯ ಮೇಲೆ ಡ್ರಾಬಾರ್ ಎಂಬ ಒಂಬತ್ತು ಸರಳುಗಳ ಸಾಲುಗಳಿವೆ. ಪ್ರತಿ ಸರಳನ್ನೂ ಸೊನ್ನೆಯಿಂದ ಎಂಟರವರೆಗೆ ಎಳೆಯಬಹುದು. ಬಿಳಿ ಸರಳುಗಳು ನಾಲ್ಕು. ಅವು ಮೂಲ ಷಡ್ಜ ಮತ್ತು ಅದರ ಮೇಲಿನ ಸ್ಥಾಯಿಗಳು. ಕಪ್ಪು ಮೂರು; ಅವು ಮೇಲಿನ ಪಂಚಮ ಮತ್ತು ಗಾಂಧಾರಗಳು. ಕಂದು ಎರಡು, ಒಂದು ಮಂದ್ರ ಷಡ್ಜ, ಇನ್ನೊಂದು ಪಂಚಮ. ಮೂರನೆಯ ಸರಳೊಂದನ್ನೇ ಎಳೆದರೆ ಕೊಳಲಿನಂಥ ಬರಿಯ ದನಿ. ಅದರ ಜೊತೆ ಮೊದಲೆರಡು ಕಪ್ಪು ಸರಳುಗಳನ್ನು ಬೆರೆಸಿದರೆ ಕ್ಲಾರಿನೆಟ್ಟಿನ ಛಾಯೆ. ಒಂಬತ್ತನ್ನೂ ಪೂರ್ತಿ ಎಳೆದರೆ ಇಡೀ ಸಭಾಂಗಣ ತುಂಬುವ ಘೋಷ.

ಆದರೆ ಕಂಪನಿಗೆ ಬೇಕಿದ್ದುದು ಕೊಳವೆ ಆರ್ಗನ್ನಿನ ಅನುಕರಣೆ. ದೊಡ್ಡ ಆರ್ಗನ್ನಿಗೆ ಇದು ಸಮಾನವೆಂಬ ಅದರ ಜಾಹೀರಾತಿನ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ನಡೆಸಿತು. ಅದಕ್ಕಾಗಿ ಶಿಕಾಗೋ ವಿಶ್ವವಿದ್ಯಾಲಯದ ಪ್ರಾರ್ಥನಾಮಂದಿರದಲ್ಲಿ ಎರಡೂ ವಾದ್ಯಗಳನ್ನು ಮರೆಯಲ್ಲಿ ನುಡಿಸಿ ಪರೀಕ್ಷೆ ಮಾಡಿದ್ದುಂಟು. ಕೇಳುಗರು ಸುಮಾರು ಮೂರರಲ್ಲಿ ಒಂದು ಸಲ ತಪ್ಪಾಗಿ ಗುರುತಿಸಿದರು. ಹಾಗಿದ್ದೂ 1938ರಲ್ಲಿ ಕಮಿಷನ್ ಕಂಪನಿಯ ಅತಿಯಾದ ಹೇಳಿಕೆಗಳನ್ನು ತಡೆಯಿತು. ಹಳೆಯ ವಾದ್ಯದ ಅಳತೆಗೋಲಿನಿಂದ ನೋಡಿದರೆ ಹ್ಯಾಮಂಡ್ ಒಂದು ನಕಲು ಅಷ್ಟೆ.

ಈ ಅಳತೆಗೋಲನ್ನು ಮುರಿದವರಲ್ಲಿ ಮೊದಲಿಗ ಡಾನ್ ಲೆಸ್ಲಿ (1911–2004) ಎಂಬ ತಂತ್ರಜ್ಞ. ವಿಶಾಲ ಅಂಗಡಿಯಲ್ಲಿ ಕೇಳಿ ಮೆಚ್ಚಿ 1937ರಲ್ಲಿ ಕೊಂಡ ಹ್ಯಾಮಂಡ್ ಮನೆಯಲ್ಲಿ ಅವನಿಗೆ ಸಪ್ಪೆ ಎನಿಸಿತು. ಕೊಳವೆ ಆರ್ಗನ್ನಿನಲ್ಲಿ ಒಂದೊಂದು ಸ್ವರವೂ ಒಂದೊಂದು ಜಾಗದಿಂದ ಬರುತ್ತದೆ; ಸ್ಪೀಕರಿನಲ್ಲಿ ಎಲ್ಲವೂ ಒಂದೇ ಬಾಯಿಂದ. ಹಾಗಾದರೆ ಸದ್ದನ್ನೇ ಸುತ್ತಿಸಿದರೆ ಹೇಗೆ ಎಂದು ಅವನು ಯೋಚಿಸಿದ. ಅವನ ಮರದ ಪೆಟ್ಟಿಗೆಯಲ್ಲಿ ಮೇಲುದನಿಗಳಿಗೆ ತಿರುಗುವ ಕಹಳೆ, ಕೆಳದನಿಗಳಿಗೆ ತಿರುಗುವ ಡೋಲು. ರೈಲು ಹತ್ತಿರ ಬರುವಾಗ ಏರಿ ದೂರ ಹೋಗುವಾಗ ಇಳಿಯುವ ಸೀಟಿಯ ಹಾಗೆ, ಕೇಳುಗರತ್ತ ಬಂದು ಹಿಂದಿರುಗುವ ದನಿ ಕ್ಷಣಕ್ಷಣಕ್ಕೂ ಅಲೆಯಾಡುತ್ತದೆ. ಮೊದಲು ವೇಗದ ಸುತ್ತಾಟ ಮಾತ್ರವಿತ್ತು. 1960ರ ದಶಕದ ಮಾದರಿಗಳಲ್ಲಿ ನಿಧಾನಗತಿಯೂ ಸೇರಿತು. ವೇಗಕ್ಕೆ ಹೊರಳಿಸಿದಾಗ ಹಗುರವಾದ ಕಹಳೆ ಬೇಗ ಓಡುತ್ತದೆ. ಭಾರದ ಡೋಲು ತಡವಾಗಿ ಕೂಡಿಕೊಳ್ಳುತ್ತದೆ. ಆ ನಡುವಿನ ಕೆಲವು ಕ್ಷಣಗಳ ಏರಿಕೆಯಲ್ಲೇ ಈ ಜೋಡಿಯ ಸೊಗಸೆಲ್ಲ ಇದೆ. ಲೆಸ್ಲಿ ಇದನ್ನು ಹ್ಯಾಮಂಡ್‌ಗೆ ತೋರಿಸಿದ. ಹ್ಯಾಮಂಡ್ ಒಪ್ಪಲಿಲ್ಲ. ಹಲವು ವರ್ಷ ಕಂಪನಿ ಆ ಸ್ಪೀಕರನ್ನು ದೂರವೇ ಇಟ್ಟಿತು. ವಾದಕರು ಮಾತ್ರ ಎರಡನ್ನೂ ಜೋಡಿಸಿಕೊಂಡರು. ಕೊನೆಗೆ 1980ರಲ್ಲಿ ಹ್ಯಾಮಂಡ್ ಕಂಪನಿಯೇ ಲೆಸ್ಲಿ ಹೆಸರನ್ನು ಕೊಂಡುಕೊಂಡಿತು.

ಈ ಜೋಡಿಗೆ ಪ್ರಾಣ ತುಂಬಿದವರು ಕಪ್ಪು ಜನರು. ದಕ್ಷಿಣದ ಹತ್ತಿಹೊಲಗಳಿಂದ ಉತ್ತರದ ನಗರಗಳಿಗೆ ವಲಸೆ ಬಂದವರು ಅಂಗಡಿ ಮಳಿಗೆಗಳಲ್ಲೂ ಪ್ರಾರ್ಥನೆಗೆ ಕೂಡುತ್ತಿದ್ದರು. ಅಂಥ ಸಭೆಗಳಿಗೆ ಎಟುಕುತ್ತಿದ್ದುದು ಹ್ಯಾಮಂಡ್ ಮಾತ್ರ. ಬೋಧಕರ ಮಾತು ಮೆಲ್ಲಗಿರುವಾಗ ಕೆಲವೇ ಸರಳುಗಳು, ನಿಧಾನದ ಕಹಳೆ. ಮಾತು ಏರಿದಂತೆ ಸರಳುಗಳು ಒಂದೊಂದಾಗಿ ಹೊರಬರುತ್ತವೆ, ಕಹಳೆ ವೇಗ ಪಡೆಯುತ್ತದೆ, ಕಾಲಿನ ಪೆಡಲು ಒತ್ತಿದಷ್ಟೂ ಸ್ಪೀಕರಿನ ವಾಲ್ವುಗಳ ಮೇಲೆ ಹೊರೆ ಹೆಚ್ಚಿ ದನಿ ಒರಟಾಗುತ್ತದೆ. ಕೀಲಿ ಒತ್ತಿದಾಗ ಒಳಗಿನ ಒಂಬತ್ತು ಸಂಪರ್ಕಗಳು ಕೂಡುವ ‘ಖಟ್’ ಸದ್ದನ್ನು ಎಂಜಿನಿಯರುಗಳು ದೋಷವೆಂದು ತಗ್ಗಿಸಲು ಹೆಣಗಿದ್ದರು. ವಾದಕರಿಗೆ ಅದೇ ತಾಳದ ಅಂಚಾಯಿತು.

ಪೆನ್ಸಿಲ್ವೇನಿಯಾದ ಜಿಮ್ಮಿ ಸ್ಮಿತ್ 1956ರಲ್ಲಿ ಬ್ಲೂ ನೋಟ್ ಕಂಪನಿಯ ಮೂಲಕ ಈ ನಾದವನ್ನು ಜಾಝ್ ಲೋಕಕ್ಕೆ ತಂದರು. ಮೊದಲ ಮೂರು ಸರಳು ಪೂರ್ತಿ ಹೊರಗೆ, ಉಳಿದ ಆರು ಪೂರ್ತಿ ಒಳಗೆ. ಇದರ ಜೊತೆ ಸ್ವರದ ಆರಂಭಕ್ಕೆ ಚುರುಕು ಪೆಟ್ಟು ಕೊಡುವ ‘ಪರ್ಕಷನ್’ ಗುಂಡಿ. ಆ ಪೆಟ್ಟು ಮತ್ತೆ ಬೇಕೆಂದರೆ ಎಲ್ಲ ಬೆರಳುಗಳನ್ನೂ ಕೀಲಿಗಳಿಂದ ಎತ್ತಬೇಕು. ಹೀಗೆ ಯಂತ್ರದ ಮಿತಿ ವಾದನದ ಶೈಲಿಯಾಯಿತು. ಜಗತ್ತಿನ ಎಷ್ಟೋ ವಾದಕರು ಇಂದಿಗೂ ಇದೇ ಹೊಂದಿಕೆಯಿಂದ ಕಲಿಕೆ ತೊಡಗುತ್ತಾರೆ.

ಇದನ್ನೂ ದಾಟಿದವರು ನ್ಯೂವಾರ್ಕಿನ ಲ್ಯಾರಿ ಯಂಗ್ (1940–1978). ಆರ್ಟ್ ಬ್ಲೇಕಿ, ಯೂಸುಫ್ ಲತೀಫ್, ಅಹ್ಮದ್ ಜಮಾಲ್ ಮೊದಲಾದ ಜಾಝ್ ಕಲಾವಿದರ ಹಾಗೆ ಅವರೂ ಇಸ್ಲಾಮನ್ನು ಸ್ವೀಕರಿಸಿ ಖಾಲಿದ್ ಯಾಸೀನ್ ಎಂಬ ಹೆಸರು ಪಡೆದರು. ವರ್ಣಭೇದದ ಆ ಸಮಾಜದಲ್ಲಿ ಹೊಸ ಹೆಸರೆಂದರೆ ಮನುಷ್ಯ ಘನತೆಯ ಘೋಷಣೆಯೂ ಆಗಿತ್ತು. 1965ರಲ್ಲಿ ಅವರು ಮುದ್ರಿಸಿದ ‘ಯೂನಿಟಿ’ಯಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್ ಮತ್ತು ಡ್ರಮ್ಸ್ ಇವೆ, ಬೇರೆ ಬೇಸ್ ವಾದಕನಿಲ್ಲ, ಅದನ್ನೂ ಆರ್ಗನ್ನೇ ನುಡಿಯುತ್ತದೆ. ಸ್ಮಿತ್‌ರ ದಟ್ಟ ನಾದದ ಎದುರು ಇಲ್ಲಿ ಗಾಳಿಯಾಡುವ ತೆರವು ನಮಗೆ ಕೇಳಿಸುತ್ತದೆ. ಯಂತ್ರ ಅದೇ, ಸರಳುಗಳು ಅವೇ.

ನಾದದ ಯೋಗ್ಯತೆಯನ್ನು ಮೇಲಿನವರು ನಿರ್ಧರಿಸುವುದು ಅಮೆರಿಕದ ಮಾತಷ್ಟೇ ಅಲ್ಲ. ಶ್ರುತಿಸೂಕ್ಷ್ಮವಿಲ್ಲ, ಮೀಂಡ್ ಬಾರದು ಎಂಬ ಆಕ್ಷೇಪಗಳ ನಡುವೆ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಅದು ಸಡಿಲವಾದದ್ದು 1971ರಲ್ಲಿ. ಆ ಮೂರು ದಶಕವೂ ದರ್ಗಾದ ಕವ್ವಾಲಿಯಲ್ಲಿ, ಊರ ಭಜನೆಯಲ್ಲಿ, ನಮ್ಮ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ಆಕ್ಷೇಪಗಳಲ್ಲಿ ಹುರುಳಿರಲಿಲ್ಲವೆಂದಲ್ಲ. ಆದರೆ ಜನ ತಮ್ಮ ಕೈಗೆ ಸಿಕ್ಕಿದ ವಾದ್ಯದಲ್ಲಿ ತಮ್ಮ ದನಿಯನ್ನು ಹುಡುಕಿಕೊಳ್ಳುವುದಕ್ಕೆ ಯಾರ ಪ್ರಮಾಣಪತ್ರಕ್ಕೂ ಕಾಯಲಿಲ್ಲ.

180 ಕಿಲೋಗೂ ಹೆಚ್ಚು ತೂಗುತ್ತಿದ್ದ ಬಿ-3ರ ತಯಾರಿಕೆ 1970ರ ದಶಕದ ಮಧ್ಯದಲ್ಲಿ ನಿಂತಿತು. ಇಂದು ಅದರ ನಾದವನ್ನು ಒಬ್ಬರೇ ಹೊತ್ತೊಯ್ಯಬಹುದಾದ ಕೀಬೋರ್ಡುಗಳಲ್ಲಿ, ಕಂಪ್ಯೂಟರುಗಳಲ್ಲಿ ಮರುಸೃಷ್ಟಿಸುತ್ತಾರೆ. ಸರಳುಗಳ ಬೆರಕೆ, ತಿರುಗುವ ಕಹಳೆ ಎಲ್ಲವೂ ಅಲ್ಲಿವೆ. ಅಂದು ದೋಷವೆನಿಸಿದ್ದ ‘ಖಟ್’ ಸದ್ದನ್ನೂ ಮರೆತಿಲ್ಲ. ಅದು ಎಷ್ಟಿರಬೇಕೆಂದು ಹೊಂದಿಸಿಕೊಳ್ಳಲು ಪ್ರತ್ಯೇಕ ಗುಂಡಿಯನ್ನೇ ಕೊಟ್ಟಿದ್ದಾರೆ.