ಸ್ಕೋರ್ ಎಷ್ಟಾಯ್ತು?

2018ರ ಮೇ 19, ಶನಿವಾರ. ಮಧ್ಯಾಹ್ನ ನಾಲ್ಕು ಗಂಟೆಗೆ ಜೈಪುರದಲ್ಲಿ ಆರ್‌ಸಿಬಿಗೆ ರಾಜಸ್ಥಾನ್ ರಾಯಲ್ಸ್ ಎದುರು ಗೆಲ್ಲಲೇಬೇಕಾದ ಮ್ಯಾಚು. ಅದೇ ನಾಲ್ಕು ಗಂಟೆಗೆ ವಿಧಾನಸೌಧದಲ್ಲಿ, ಎರಡು ದಿನದ ಹಿಂದಷ್ಟೇ ಪ್ರಮಾಣವಚನ ತಗೊಂಡಿದ್ದ ಯಡಿಯೂರಪ್ಪನವರ ಬಹುಮತ ಪರೀಕ್ಷೆ. ಆ ಸಂಜೆ ನಮ್ಮ ಕಡೆ ಯಾರಾದ್ರೂ ‘ಸ್ಕೋರ್ ಎಷ್ಟಾಯ್ತಣ್ಣ?’ ಅಂದ್ರೆ ‘ಯಾವ್ದ್ರದ್ದು?’ ಅಂತ ತಿರುಗಿ ಕೇಳಬೇಕಿತ್ತು. ಟೀವಿ ರಿಮೋಟ್ ಹಿಡಿದವನ ಪಾಡು ಆ ದೇವರಿಗೇ ಪ್ರೀತಿ.

ಯಡಿಯೂರಪ್ಪ ಮತಕ್ಕೆ ಹಾಕದೆ ರಾಜೀನಾಮೆ ಘೋಷಿಸಿದರು. ಆರ್‌ಸಿಬಿ 30 ರನ್ನಿಂದ ಸೋತು ಟೂರ್ನಿಯಿಂದಲೇ ಹೊರಬಿತ್ತು. ಬರೀ 16 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತವನು ಬೇರೆ ಯಾರೋ ಅಲ್ಲ, ನಮ್ಮದೇ ರಾಜ್ಯದ ಶ್ರೇಯಸ್ ಗೋಪಾಲ್. ಕಾಂಗ್ರೆಸ್ಸೋ ಜೆಡಿಎಸ್ಸೋ ಅನ್ನುವ ನಮ್ಮ ನಾಲ್ಕು ತಾಲ್ಲೂಕಿನವರು ಒಂದೇ ಸಂಜೆ ಗೆದ್ದೂ ಗೆದ್ದರು, ಸೋತೂ ಸೋತರು. ಬಿಜೆಪಿಯವರು ಎರಡು ಸಲ ಸೋತರು, ಪಾಪ.

‘ಮ್ಯಾಚ್ ಟೈಮಲ್ಲಿ ಪಾಲಿಟಿಕ್ಸ್ ಬೇಡ ಗುರೂ’ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ, ಹೇಳಿಯೂ ಇರ್ತೀರಿ. ಒಳ್ಳೇ ಮಾತೇ. ಆದ್ರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಇದು ಯಾವತ್ತೂ ನಡೆದಿಲ್ಲ. ಆ ಮೇ ತಿಂಗಳಲ್ಲೇ ನೋಡಿ, ಕಾಂಗ್ರೆಸ್ ಶಾಸಕರನ್ನ ಮೊದಲು ಕೂಡಿಹಾಕಿದ್ದು ಬಿಡದಿಯ ಈಗಲ್ಟನ್ ರೆಸಾರ್ಟಿನಲ್ಲಿ. ಅದು ಗಾಲ್ಫ್ ಆಡೋ ಜಾಗ. ಹಿಂದಿನ ವರ್ಷ ಗುಜರಾತಿನ ಕಾಂಗ್ರೆಸ್ ಶಾಸಕರನ್ನ ತಂದಿಟ್ಟಿದ್ದೂ ಅಲ್ಲೇ. ಆಟದ ಜಾಗಕ್ಕೆ ರಾಜಕೀಯ ತರಬೇಡಿ ಅಂತ ಬಿಡದಿಯಲ್ಲಿ ನಿಂತು ಹೇಳೋಕಾಗುತ್ತಾ?

ಇದರ ಬೇರು ಹಳೇದು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದಾಗ ಅವರು ಶಾಸಕರಾಗಿರಲಿಲ್ಲ. ಉಪಚುನಾವಣೆಗೆ ನಿಂತು ಗೆದ್ದಿದ್ದು ಕನಕಪುರದಲ್ಲಿ. ಉತ್ತರ ಕನ್ನಡದ ಮನುಷ್ಯ ಕನಕಪುರದ ಶಾಸಕರಾದ ಅದೇ ವರ್ಷದ ಜೂನ್ 25ಕ್ಕೆ ಲಾರ್ಡ್ಸ್‌ನಲ್ಲಿ ಕಪಿಲ್ ಕಪ್ ಎತ್ತಿದ್ದು. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ಬೆಂಗಳೂರಿನ ರೋಜರ್ ಬಿನ್ನಿ. ಕೀಪರ್ ಕಿರ್ಮಾನಿ. ‘ನಮ್ಮೋರು ಇಬ್ರು ಇದ್ದಾರೆ’ ಅನ್ನೋ ಹೆಮ್ಮೆಯೂ ‘ಹೊರಗಿನೋರು ನಮಗ್ಯಾಕೆ’ ಅನ್ನೋ ತಕರಾರೂ ಒಂದೇ ವರ್ಷದಲ್ಲಿ ಸಿಕ್ಕಿದವು.

‘ನಮ್ಮೋರಾ, ಹೊರಗಿನೋರಾ’ ಅನ್ನೋದು ನಮ್ಮ ಜಿಲ್ಲೆಯ ಖಾಯಂ ಜಗಳ. ದೇವೇಗೌಡರು ಹೊಳೆನರಸೀಪುರದವರು, 1994ರಲ್ಲಿ ಗೆದ್ದಿದ್ದು ರಾಮನಗರದಲ್ಲಿ. ಕುಮಾರಸ್ವಾಮಿಯವರೂ ಅಲ್ಲಿಂದಲೇ ಬಂದವರು. ಇನ್ನೊಂದು ಕಡೆ ಕೆಂಗಲ್ ಹನುಮಂತಯ್ಯ, ದೊಡ್ಡಾಲಹಳ್ಳಿಯ ಡಿ.ಕೆ. ಶಿವಕುಮಾರ್, ಚಕ್ಕೆರೆಯ ಯೋಗೇಶ್ವರ್, ಇವರೆಲ್ಲ ಇಲ್ಲಿನ ಮಣ್ಣಿನವರು. ಈಗ ಆರ್‌ಸಿಬಿ ಬಗ್ಗೆ ನಾವು ವರ್ಷ ವರ್ಷ ಆಡೋ ಜಗಳ ನೆನಪಿಸಿಕೊಳ್ಳಿ. ‘ಟೀಮಲ್ಲಿ ಕನ್ನಡದ ಹುಡುಗರೆಷ್ಟು?’ ‘ಎಲ್ಲಿಯವನಾದ್ರೇನು, ಆಡ್ತಾನಲ್ಲ!’ ಎರಡೂ ಒಂದೇ ವಾದ. ಕೊಹ್ಲಿ ಪರ ಮಾತಾಡಿ ಕುಮಾರಣ್ಣನ್ನ ಹೊರಗಿನೋರು ಅನ್ನೋ ಗೆಳೆಯರು ನನಗಿದ್ದಾರೆ. ಉಲ್ಟಾ ವಾದಿಸೋರೂ ಇದ್ದಾರೆ. ಒಬ್ಬನಾದ್ರೂ ಎರಡೂ ಕಡೆ ಒಂದೇ ನಿಯಮ ಹಿಡಿದಿದ್ದನ್ನ ನಾನು ನೋಡಿಲ್ಲ.

1996ಕ್ಕೆ ಬರೋಣ. ಮಾರ್ಚ್ 9ರ ಕ್ವಾರ್ಟರ್ ಫೈನಲ್, ಚಿನ್ನಸ್ವಾಮಿಯಲ್ಲಿ ಭಾರತ–ಪಾಕಿಸ್ತಾನ. ಸಿಧು 93, ಕೊನೆಗೆ ಜಡೇಜಾ 25 ಬಾಲಿಗೆ 45, ಆಮೇಲೆ ಅಮೀರ್ ಸೊಹೈಲ್ ಬ್ಯಾಟು ತೋರಿಸಿ ಕೆಣಕಿದ್ದು, ಮುಂದಿನ ಬಾಲಿಗೇ ವೆಂಕಟೇಶ್ ಪ್ರಸಾದ್ ಸ್ಟಂಪ್ ಹಾರಿಸಿದ್ದು. ಆವತ್ತು ರಾಜ್ಯದ ಮುಖ್ಯಮಂತ್ರಿ ರಾಮನಗರದ ಶಾಸಕರು. ಮೂರು ತಿಂಗಳು ತುಂಬೋ ಮೊದಲೇ, ಜೂನ್ 1ಕ್ಕೆ, ಅವರು ದೇಶದ ಪ್ರಧಾನಿ.

ನಾನಾಗ ಪ್ರೈಮರಿ ಸ್ಕೂಲು. ನಮ್ಮ ಚನ್ನಪಟ್ಟಣದ ಬೀದಿಯಲ್ಲಿ ಮ್ಯಾಚಿಗೆ ಬಾಗಿಲು ತೆಗೆದಿಡ್ತಿದ್ದ ಮನೆ ಒಂದಿತ್ತು. ಯಾರು ಬೇಕಾದ್ರೂ ಬಂದು ಚಾಪೆ ಮೇಲೆ ಕೂರಬಹುದು. ಇದರ ಬೆಲೆ ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ನಮ್ಮ ಕಡೆ ಹಳ್ಳಿಗಳಲ್ಲಿ ಟೀ ಅಂಗಡಿಗೂ ಪಕ್ಷ ಇರುತ್ತೆ. ಈ ಅಂಗಡಿಯವನು ದಳ, ಆ ಅಂಗಡಿಯವನು ಕಾಂಗ್ರೆಸ್; ಈ ಕಟ್ಟೆಯವರು ಆ ಕಟ್ಟೆಗೆ ಹೋಗಲ್ಲ. ಹಾಲಿನ ಡೇರಿಯಿಂದ ಮದುವೆ ಊಟದವರೆಗೂ ಗುಂಪು ಎರಡು. ಮ್ಯಾಚ್ ನೋಡೋ ಚಾಪೆ ಮೇಲೆ ಮಾತ್ರ ಎರಡೂ ಗುಂಪಿನವರು ಒಂದೇ ಟೀಮಿನ ಕಡೆ. ಹಂಗಾಗಿ ಓವರ್ ಮಧ್ಯೆ, ಮಳೆ ಬಂದಾಗ, ಕರೆಂಟ್ ಹೋದಾಗ ರಾಜಕೀಯ ಬಾರದೆ ಇನ್ನೇನು ಬರುತ್ತೆ? ಬೇರೆ ಕಡೆ ಮುಖಾಮುಖಿ ಆಡೋಕಾಗದ ಮಾತನ್ನ ಆಡೋಕೆ ಅದೊಂದೇ ಜಾಗ ಇತ್ತು. ‘ಗೌಡ್ರು ಡೆಲ್ಲೀಲಿ ಎಷ್ಟ್ ದಿನ ಆಡ್ತಾರೆ ಹೇಳ್ಲಾ’ ಅಂತ ಒಬ್ಬರು ಕೆಣಕಿದ್ರೆ, ‘ನಿಮ್ಮೋರು ಬೆಂಬಲ ಕೊಟ್ಟಷ್ಟ್ ದಿನ ಕಣಣ್ಣ’ ಅಂತ ಇನ್ನೊಬ್ಬರು. ಅಷ್ಟರಲ್ಲಿ ವಿಕೆಟ್ ಬೀಳೋದು, ಇಬ್ಬರೂ ಒಟ್ಟಿಗೇ ಎದ್ದು ಕುಣಿಯೋರು. ಕಾಂಗ್ರೆಸ್ ಬೆಂಬಲ ಹಿಂತೆಗೆದು 1997ರ ಏಪ್ರಿಲ್‌ನಲ್ಲಿ ಆ ಇನಿಂಗ್ಸೂ ಮುಗೀತು.

ಈ ಪೈಪೋಟಿ ಎಷ್ಟು ಗಟ್ಟಿ ಅಂದ್ರೆ, 1985ರಲ್ಲಿ ಸಾತನೂರಿನಲ್ಲಿ ಡಿ.ಕೆ. ಶಿವಕುಮಾರ್ ದೇವೇಗೌಡರ ಎದುರು ನಿಂತು ಸೋತರು. 1999ರಲ್ಲಿ ಅದೇ ಸಾತನೂರಿನಲ್ಲಿ ಕುಮಾರಸ್ವಾಮಿಯವರನ್ನ ಸೋಲಿಸಿದರು. ಇವರಿಗೋಸ್ಕರ ಮಾತು ಬಿಟ್ಟ ಅಣ್ಣ-ತಮ್ಮಂದಿರು ಊರೂರಲ್ಲಿ. 2018ರಲ್ಲಿ ನೋಡಿದ್ರೆ ಇಬ್ಬರೂ ಕೈ ಕೈ ಹಿಡಿದು ವೇದಿಕೆ ಮೇಲೆ! ಆ ನವೆಂಬರಿನ ರಾಮನಗರ ಉಪಚುನಾವಣೆಯಲ್ಲಂತೂ ಮತದಾನಕ್ಕೆ ಎರಡು ದಿನ ಇರುವಾಗ ಬಿಜೆಪಿ ಅಭ್ಯರ್ಥಿ ಕಣದಿಂದ ಹಿಂದೆ ಸರಿದು ವಾಪಸ್ ಕಾಂಗ್ರೆಸ್ಸಿಗೆ ಹೋದರು. 1996ರ ವಿಶ್ವಕಪ್ಪಿನಲ್ಲಿ ಶ್ರೀಲಂಕಾಕ್ಕೆ ಹೋಗಲ್ಲ ಅಂತ ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ಪಾಯಿಂಟ್ ಬಿಟ್ಟುಕೊಟ್ಟಿದ್ದು ನಮಗೆ ಗೊತ್ತಿತ್ತು. ಎಲೆಕ್ಷನ್ನಲ್ಲೂ ವಾಕೋವರ್ ಇದೆ ಅಂತ ಆವತ್ತು ಗೊತ್ತಾಯ್ತು.

ಅದೇ 2018ರ ಏಪ್ರಿಲ್‌ನಲ್ಲಿ ಕಾವೇರಿ ಗಲಾಟೆಯಲ್ಲಿ ಚೆಪಾಕ್ ಮೈದಾನಕ್ಕೆ ಶೂ ಎಸೆದರು, ಚೆನ್ನೈನ ಮ್ಯಾಚುಗಳು ಪುಣೆಗೆ ಹೋದವು. ಕನಕಪುರದವನಿಗೆ ಕಾವೇರಿ ಬರೀ ಪೇಪರ್ ಸುದ್ದಿ ಅಲ್ಲ. ಸಂಗಮ, ಮೇಕೆದಾಟು ಎರಡೂ ಅವನ ತಾಲ್ಲೂಕಿನಲ್ಲೇ ಇವೆ. ‘ಸರಿಯಾಗೇ ಆಯ್ತು’ ಅಂದವರೂ ಇದ್ದರು, ‘ಧೋನಿ ಏನ್ ನಮ್ ಡ್ಯಾಮ್ ನೀರು ಕುಡಿದ್ನಾ?’ ಅಂದವರೂ ಇದ್ದರು. ಏಪ್ರಿಲ್ 25ಕ್ಕೆ ಅದೇ ಧೋನಿ ಚಿನ್ನಸ್ವಾಮಿಗೆ ಬಂದು 34 ಬಾಲಿಗೆ 70 ಹೊಡೆದು ಹೋದ. ನೀರಿನ ಮಾತು ಅಲ್ಲಿಗೆ ನಿಂತಿತು.

ನನಗೆ ಚಿಂತೆ ಶುರುವಾಗಿದ್ದು ಇಲ್ಲೇ. ಆಟದ ನಡುವೆ ರಾಜಕೀಯ ಬರೋದು ಸರಿ, ಬರಲಿ. ಆದ್ರೆ ಬರ್ತಾ ಬರ್ತಾ ಅದು ಆಟದ ಭಾಷೆಯನ್ನೇ ಕಲಿತುಬಿಡ್ತು. ಯಾರು ಗೆದ್ದರು, ಎಷ್ಟು ಲೀಡು, ಯಾರನ್ನ ಯಾರು ಔಟ್ ಮಾಡಿದರು, ಅಷ್ಟೇ. 2024ರ ನವೆಂಬರ್ 23, ಚನ್ನಪಟ್ಟಣ ಉಪಚುನಾವಣೆಯ ಎಣಿಕೆ. ಪಕ್ಷೇತರ, ಕಾಂಗ್ರೆಸ್, ಬಿಜೆಪಿ, ಸಮಾಜವಾದಿ ಪಕ್ಷ, ಮತ್ತೆ ಬಿಜೆಪಿ ಎಲ್ಲ ಸುತ್ತಿ ಮತ್ತೆ ಕಾಂಗ್ರೆಸ್ಸಿಗೆ ಬಂದಿದ್ದ ಯೋಗೇಶ್ವರ್, ನಿಖಿಲ್ ಕುಮಾರಸ್ವಾಮಿ ಎದುರು 25,413 ಮತಗಳಿಂದ ಗೆದ್ದರು. ಅದೇ ಹೊತ್ತಿಗೆ ಪರ್ತ್‌ನಲ್ಲಿ ಜೈಸ್ವಾಲ್ ಜೊತೆ ನಮ್ಮ ರಾಹುಲ್ ವಿಕೆಟ್ ಬೀಳದ ಹಾಗೆ 172 ಸೇರಿಸಿ ನಿಂತಿದ್ದ. ಮಾರನೇ ದಿನ ಜೆಡ್ಡಾದ ಹರಾಜಿನಲ್ಲಿ ಅವನನ್ನ 14 ಕೋಟಿಗೆ ಡೆಲ್ಲಿ ಎತ್ತಿಕೊಂಡಿತು. ಆ ಎರಡು ದಿನ ನಾನು ಕೇಳಿದ ಮಾತೆಲ್ಲ ಲೀಡು, ಹರಾಜು, ಬಾಜಿ. ಇಗ್ಗಲೂರು ಬ್ಯಾರೇಜಿನ ನೀರು ಯಾವ ಕೆರೆಗೆ ಬಂತು, ರಾಮನಗರ ಮಾರ್ಕೆಟ್ಟಿನಲ್ಲಿ ಗೂಡಿಗೆ ಏನು ರೇಟು, ಗೊಂಬೆ ಮಾಡೋರ ಕೈಗೆ ಎಷ್ಟು ಸೇರುತ್ತೆ ಅನ್ನೋದು ಒಬ್ಬರ ಬಾಯಲ್ಲೂ ಬರಲಿಲ್ಲ. ಆ ಚಾಪೆ ಮೇಲೆ ಬೈದಾಡುತ್ತಿದ್ದವರು ಕನಿಷ್ಠ ಗೂಡಿನ ರೇಟನ್ನಾದರೂ ಎತ್ತುತ್ತಿದ್ದರು.

2024ರ ಮಾರ್ಚಿನಲ್ಲಿ ಆರ್‌ಸಿಬಿ ‘ಬ್ಯಾಂಗಲೋರ್’ ಬಿಟ್ಟು ‘ಬೆಂಗಳೂರು’ ಆಯ್ತು. 2025ರ ಮೇ 22ಕ್ಕೆ ಸಚಿವ ಸಂಪುಟ ನಮ್ಮ ಜಿಲ್ಲೆಯನ್ನೂ ‘ಬೆಂಗಳೂರು ದಕ್ಷಿಣ’ ಮಾಡಲು ತೀರ್ಮಾನಿಸಿತು. ‘ಇನ್ಮೇಲೆ ಆರ್‌ಸಿಬಿ ನಮ್ ಜಿಲ್ಲಾ ಟೀಮು’ ಅಂತ ಮಾಗಡಿಯ ಗೆಳೆಯನೊಬ್ಬ ನಗಿಸಿದ್ದ. ಹನ್ನೆರಡು ದಿನ ಕಳೆದು, ಜೂನ್ 3ರ ರಾತ್ರಿ, 18 ವರ್ಷ ಕಾದ ಕಪ್ ಬಂತು. ಮಾರನೇ ದಿನ ನಮ್ಮ ಕನಕಪುರದ ಶಾಸಕರೂ ಆದ ಉಪಮುಖ್ಯಮಂತ್ರಿ ತಂಡವನ್ನು ವಿಮಾನ ನಿಲ್ದಾಣದಲ್ಲೇ ಬರಮಾಡಿಕೊಂಡರು. ಕೆಂಗಲ್ ಹನುಮಂತಯ್ಯ ಕಟ್ಟಿಸಿದ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ. ಅಲ್ಲಿಂದ ನಡೆದೇ ಹೋಗುವಷ್ಟು ದೂರದ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತ. 11 ಜನ ಸತ್ತರು.

ಜೂನ್ 5ರ ಬೆಳಿಗ್ಗೆ ನಾನು ದಿನಾ ಹೋಗೋ ರೈಲಿನಲ್ಲಿ ಜಾಗ ಇರಲಿಲ್ಲ, ಮಾತಿಗೇನೂ ಬರ ಇರಲಿಲ್ಲ. ಒಬ್ಬ ‘ಡಿಕೆ ವಿಕೆಟ್ ಬಿತ್ತು’ ಅಂದ. ಇನ್ನೊಬ್ಬ ‘ನಿಮ್ ಸರ್ಕಾರ ಇದ್ದಿದ್ರೆ ಇದಕ್ಕಿಂತ ದೊಡ್ ಮೆರವಣಿಗೆ ಮಾಡೋರು’ ಅಂದ. ಮೂರನೆಯವನು, ಮೈಮೇಲೆ ಇನ್ನೂ ಅದೇ ಕೆಂಪು ಜೆರ್ಸಿ, ‘ಸತ್ತಿರೋ ಟೈಮಲ್ಲಿ ರಾಜಕೀಯ ಬೇಡ ಗುರೂ’ ಅಂದ. ಮೂವರಲ್ಲಿ ನನಗೆ ಹೆಚ್ಚು ಸಿಟ್ಟು ಬಂದಿದ್ದು ಈ ಮೂರನೆಯವನ ಮೇಲೆ. ಮೊದಲಿಬ್ಬರು ಸ್ಕೋರ್ ಎಣಿಸ್ತಿದ್ದರು, ಸರಿ. ಇವನು ಕೇಳೋದನ್ನೇ ಬೇಡ ಅಂತಿದ್ದ.

ಕಿಟಕಿ ಪಕ್ಕ ಕೂತಿದ್ದ ಹಿರಿಯರೊಬ್ಬರು, ಊಟದ ಡಬ್ಬಿ ತೊಡೆ ಮೇಲಿಟ್ಟುಕೊಂಡು, ‘ಅಲ್ಲ ಕಣ್ರಪ್ಪ, ಒಂದ್ ರಾತ್ರೀಲಿ ಅಷ್ಟ್ ಜನ ಸೇರ್ತಾರೆ ಅಂತ ಗೊತ್ತಿದ್ಮೇಲೆ, ಇವತ್ತೇ ಮಾಡ್ಬೇಕು ಅಂದೋರ್ಯಾರು?’ ಅಂತ ಕೇಳಿದರು. ಯಾರ ಪಕ್ಷ ಅಂತ ಅವರ ಮುಖ ನೋಡಿ ಹೇಳೋಕಾಗ್ತಿರಲಿಲ್ಲ. ಕೆಂಪು ಜೆರ್ಸಿಯವನು ಏನೋ ಹೇಳೋಕೆ ಬಾಯಿ ತೆರೆದ. ಅಷ್ಟರಲ್ಲಿ ಕೆಂಗೇರಿ ಬಂತು, ಮೆಟ್ರೋ ಹಿಡಿಯೋರೆಲ್ಲ ತಳ್ಳಾಡಿಕೊಂಡು ಇಳಿದರು. ಉಳಿದವರನ್ನ ಅವರು ಇನ್ನೊಂದ್ ಸಲ ಕೇಳಿದರು.